ಟೋಕಿಯೊದಲ್ಲಿ ಹಳೇ ಜಪಾನಿ ಪಾಪ್ ಸಿಡಿ ಕೊಳ್ಳುವುದು ಹೇಗೆ (ನಾನು 'ಹ' ಸಾಲಿನಲ್ಲಿ ಒಂದು ಗಂಟೆ ಕಳೆದ ಕಥೆಯ ಸಮೇತ)

ಮೊದಲೇ ಹೇಳಿಬಿಡುತ್ತೇನೆ, ನಾನು ಹುಡುಕಿದ್ದು ಅಪರೂಪದ ಆಲ್ಬಮ್ ಏನಲ್ಲ. ಜಪಾನಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾರಾಟವಾದ ಆಲ್ಬಮ್ ಅದು. ಉತಾದಾ ಹಿಕಾರು ಅವರ 'ಫಸ್ಟ್ ಲವ್'. 1999ರ ಮಾರ್ಚ್ 10ಕ್ಕೆ ಬಂತು, ಆಗ ಅವರಿಗೆ 16 ವರ್ಷ. 76 ಲಕ್ಷಕ್ಕೂ ಹೆಚ್ಚು ಕಾಪಿ ಹೋಗಿದೆ. ಅಲ್ಲಿನ ಜನಸಂಖ್ಯೆಗೆ ಲೆಕ್ಕ ಹಾಕಿದರೆ ಹದಿನಾರು ಹದಿನೇಳು ಜನಕ್ಕೆ ಒಂದು ಕಾಪಿ! ಅಂಥದ್ದನ್ನು ಟೋಕಿಯೊದಂಥ ಊರಿನಲ್ಲಿ ಸರಿಯಾಗಿ ಕೊಳ್ಳೋಕೆ ನನಗೆ ಎರಡು ಶನಿವಾರ ಬೇಕಾಯಿತು. ನಿಮಗೆ ಅರ್ಧ ಗಂಟೆ ಸಾಕಾಗಲಿ ಅಂತ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಈ ಆಲ್ಬಮ್ ನನಗೆ ಸಿಕ್ಕಿದ್ದು 2008ರಲ್ಲಿ, ಮೈಸೂರಿನ ಹಾಸ್ಟೆಲ್‌ನಲ್ಲಿ, ರೂಮ್‌ಮೇಟ್‌ನ ಪೆನ್‌ಡ್ರೈವ್‌ನಿಂದ. ಹಾಡುಗಳ ಹೆಸರೆಲ್ಲ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತಿದ್ದವು, ಕಂಪ್ಯೂಟರ್‌ನಲ್ಲಿ ಜಪಾನಿ ಫಾಂಟ್ ಇರಲಿಲ್ಲ. ನಾವು ನಂಬರ್ ಹಿಡಿದು ಕೇಳುತ್ತಿದ್ದೆವು. "ಆ ನಾಲ್ಕನೇದು ಹಾಕೋ" ಅಂದರೆ ಆಯಿತು. ಆ ನಾಲ್ಕನೇದು ಎರಡೂವರೆ ನಿಮಿಷಕ್ಕೆ ಕರೆಂಟ್ ಹೋದ ಹಾಗೆ ಪಟ್ ಅಂತ ನಿಂತುಹೋಗುತ್ತಿತ್ತು. ಡೌನ್‌ಲೋಡ್ ಅರ್ಧಕ್ಕೇ ಕಡಿದುಹೋಗಿತ್ತು, ಮತ್ತೆ ಯಾರೂ ಇಳಿಸಿಕೊಳ್ಳಲಿಲ್ಲ. ಪೂರ್ತಿ ಹಾಡನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ ಬಿಡಿ. ಆದರೂ ನನ್ನ ಕಿವಿಗೆ ಅದು ಅಲ್ಲಿಗೇ ಮುಗಿಯುವ ಹಾಡು.

2017ರಲ್ಲಿ ಆಫೀಸಿನವರು ಮೂರು ತಿಂಗಳಿಗೆ ಟೋಕಿಯೊಗೆ ಕಳಿಸಿದರು. ಉಳಿದುಕೊಂಡಿದ್ದು ನಿಶಿಕಸಾಯ್‌ನಲ್ಲಿ. ಅಲ್ಲಿಗೆ ಹೋದ ನಮ್ಮ ಐಟಿಯವರಿಗೆಲ್ಲ ಆ ಏರಿಯಾ ಗೊತ್ತಿರುತ್ತದೆ, ತೊಗರಿಬೇಳೆಯಿಂದ ಹಿಡಿದು ಎಲ್ಲ ಸಿಗುವ ಜಾಗ. ಮೊದಲ ಶನಿವಾರವೇ ಸಿಡಿ ಹುಡುಕೋಕೆ ಹೊರಟೆ.

ಈಗ ವಿಷಯಕ್ಕೆ ಬರೋಣ. ಹೊಸ ಸಿಡಿ ಬೇಕಾ ಹಳೇದು ಸಾಕಾ ಅನ್ನೋದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ಹೊಸದಕ್ಕೆ ಅಂಗಡಿಯಿಂದ ಅಂಗಡಿಗೆ ಅಲೆದು ಪ್ರಯೋಜನವಿಲ್ಲ. ಜಪಾನಿನಲ್ಲಿ ಹೊಸ ಸಿಡಿಯ ಬೆಲೆಯನ್ನು ಕಂಪನಿಯೇ ಕಟ್ಟುತ್ತದೆ, ಅದಕ್ಕೆ ಕಾನೂನಿನ ಒಪ್ಪಿಗೆ ಇದೆ, ಹಾಗಾಗಿ ಎಲ್ಲಿ ಕೇಳಿದರೂ ಹೆಚ್ಚೂಕಡಿಮೆ ಅದೇ ರೇಟು. ಒಂದು ಆಲ್ಬಮ್‌ಗೆ 3,000 ಯೆನ್ ಆಸುಪಾಸು ಅಂದುಕೊಳ್ಳಿ. ಬೆಲೆ ಇಳಿಸೋಕೆ ಆಗದ ಅಂಗಡಿಗಳು ಪೋಸ್ಟರ್, ಪ್ಲಾಸ್ಟಿಕ್ ಫೈಲ್, ಬ್ಯಾಡ್ಜ್ ಅಂತ ಏನಾದರೂ ಜೊತೆಗೆ ಕೊಟ್ಟು ಗಿರಾಕಿಯನ್ನು ಎಳೆಯುತ್ತವೆ. ಅದಕ್ಕೆ 'ತೊಕುತೆನ್' ಅನ್ನುತ್ತಾರೆ. ಸುಮ್ನೆ ನೋಡೋಕಾದರೂ ಶಿಬುಯಾದ ಟವರ್ ರೆಕಾರ್ಡ್ಸ್‌ಗೆ ಒಂದು ಸಲ ಹೋಗಿ, ಅಮೆರಿಕದಲ್ಲಿ ಆ ಕಂಪನಿ 2006ರಲ್ಲಿ ಮುಳುಗಿಹೋದರೂ ಜಪಾನಿನ ಟವರ್ ಬೇರೆಯಾಗಿ ಉಳಿದುಕೊಂಡಿತು, ಹಳದಿ ಬೋರ್ಡಿನ ಇಡೀ ಕಟ್ಟಡದ ತುಂಬ ಸಂಗೀತವೇ.

ನಾನು ಹೇಳೋದು ಮಾತ್ರ ಹಳೇದನ್ನೇ ಕೊಳ್ಳಿ ಅಂತ. ಅಲ್ಲಿನ ಜನ ವಸ್ತು ಇಟ್ಟುಕೊಳ್ಳುವ ರೀತಿ ನೋಡಿದರೆ ನಿಮಗೇ ಗೊತ್ತಾಗುತ್ತದೆ, ಇಪ್ಪತ್ತು ವರ್ಷದ ಸಿಡಿ ನಿನ್ನೆ ತಂದ ಹಾಗಿರುತ್ತದೆ. ಸೆಕೆಂಡ್‌ಹ್ಯಾಂಡ್‌ಗೆ ಮುಖ್ಯವಾಗಿ ಎರಡು ಹೆಸರು ನೆನಪಿಟ್ಟುಕೊಳ್ಳಿ. ಬುಕ್ ಆಫ್, ಇದು ಊರೂರಲ್ಲಿರುವ ಚೈನ್. ಪುಸ್ತಕ, ಆಟ, ಸಿಡಿ ಎಲ್ಲ ಇರುತ್ತದೆ, ಜನಪ್ರಿಯ ಆಲ್ಬಮ್‌ಗಳು ಅಗ್ಗ. ಇನ್ನೊಂದು ಡಿಸ್ಕ್ ಯೂನಿಯನ್, ಸಂಗೀತದ ಹುಚ್ಚು ಇರುವವರ ಅಂಗಡಿ, ಶಿಂಜುಕು, ಓಚಾನೊಮಿಜು ಕಡೆ ಇದೆ. ನಿಶಿಕಸಾಯ್‌ನಿಂದ ಓಚಾನೊಮಿಜುಗೆ ಹೋಗೋದಾದರೆ ತೋಝಾಯ್ ಲೈನ್‌ನಲ್ಲಿ ಓತೆಮಾಚಿಗೆ ಹೋಗಿ ಮರುನೌಚಿ ಲೈನ್ ಹಿಡಿಯಿರಿ, ಎರಡನೇ ಸ್ಟಾಪ್. ಗಿಟಾರ್ ಅಂಗಡಿಗಳ ಸಾಲೂ ಅಲ್ಲೇ. ಹಾಗೇ ಇಳಿಜಾರಿನಲ್ಲಿ ನಡೆದರೆ ಹಳೇ ಪುಸ್ತಕಗಳ ಜಿಂಬೊಚೊ. ಒಂದು ದಿನ ಹೋಗಿದ್ದೇ ಗೊತ್ತಾಗುವುದಿಲ್ಲ.

ಅಂಗಡಿ ಒಳಗೆ ಹೋದ ಮೇಲೆ ಇರೋದು ನಿಜವಾದ ಕಷ್ಟ. ಮೊದಲ ದಿನ ನಾನು ಹೋದ ಅಂಗಡಿಯಲ್ಲಿ ಸಿಡಿಗಳ ಬೆನ್ನು ಮಾತ್ರ ಕಾಣುತ್ತಿತ್ತು. ಗೋಡೆಯಿಂದ ಗೋಡೆಗೆ, ಸೊಂಟದಿಂದ ತಲೆಯವರೆಗೆ, ಎಲ್ಲ ಜಪಾನಿಯಲ್ಲಿ. ನಡುನಡುವೆ ಪ್ಲಾಸ್ಟಿಕ್ ತಗಡು, ಅದರ ಮೇಲೆ ಒಂದೊಂದು ಅಕ್ಷರ. ನನಗೆ ಗೊತ್ತಿದ್ದದ್ದು ನಾಲ್ಕು ವಾರದ ಆಫೀಸ್ ಕ್ಲಾಸಿನಲ್ಲಿ ಕಲಿತ ಹಿರಗಾನ, ಅಂದರೆ ಜಪಾನಿಯ ಮೂಲ ಅಕ್ಷರಮಾಲೆ. ಹಿಕಾರು ಅಂದರೆ 'ಹಿ' ಅಂತ 'ಹ' ಸಾಲಿನ ಮುಂದೆ ನಿಂತು, ಒಂದೊಂದೇ ಸಿಡಿ ಎಳೆದು ನೋಡಿ ವಾಪಸ್ ಇಟ್ಟು, ಒಂದು ಗಂಟೆ ಕಳೆದೆ. ಕಾಲು ನೋವು ಬಂತು. ಕೊನೆಗೆ ಫೋನ್‌ನಲ್ಲಿ ಕವರ್‌ನ ಚಿತ್ರ ತೋರಿಸಿದೆ, ಅಂಗಡಿ ಹುಡುಗ "ಆ..." ಅಂತ ನಕ್ಕು, ಕೈ ತೋರಿಸುತ್ತಾ ಶುರುವಿನ ಕಪಾಟಿಗೇ ಕರೆದುಕೊಂಡು ಹೋದ. ಅಲ್ಲಿ 'ಉ' ಅಕ್ಷರದ ತಗಡಿನ ಪಕ್ಕ ಅದೇ ಆಲ್ಬಮ್ ಒಂದಲ್ಲ ಎರಡಲ್ಲ, ಏಳು ಕಾಪಿ ಸಾಲಾಗಿ ನಿಂತಿದ್ದವು. ಅಲ್ಲಿ ಮನೆತನದ ಹೆಸರು ಮೊದಲು. ಉತಾದಾ ಹಿಕಾರು. ನಾನು ಹುಡುಕಬೇಕಿದ್ದದ್ದು 'ಉ'.

ಈಗ ನಿಮಗೆ ಒಳ್ಳೆ ಸುದ್ದಿ. ಕನ್ನಡ ವರ್ಣಮಾಲೆ ಬಾಯಿಪಾಠ ಇದ್ದವರಿಗೆ ಜಪಾನಿ ಸಿಡಿ ಅಂಗಡಿ ಅರ್ಧ ಗೆದ್ದ ಹಾಗೆ. ಅವರ ಅಕ್ಷರಗಳ ಕ್ರಮ ಹೋಗೋದು ಹೀಗೆ: ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಒಂದನೇ ಕ್ಲಾಸಿನ ಚಾರ್ಟನ್ನು ಯಾರೋ ಹಿಂಡಿ ಸಣ್ಣದು ಮಾಡಿದ ಹಾಗಿದೆ, ಅಲ್ವಾ? ಕಾಕತಾಳೀಯ ಅಲ್ಲ. ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ ಸಂಸ್ಕೃತದ ಓದಿನಿಂದಲೇ ಈ ಕ್ರಮ ಬಂತು. ನಮ್ಮ 'ಚ' ಇರುವ ಜಾಗದಲ್ಲಿ ಅವರ 'ಸ' ಕೂತಿದೆ, 'ಪ' ಇರುವ ಜಾಗದಲ್ಲಿ 'ಹ'. ಹಳೇ ಜಪಾನಿಯಲ್ಲಿ ಆ ಅಕ್ಷರಗಳನ್ನು ಹೇಳುತ್ತಿದ್ದದ್ದೇ ಸುಮಾರು ಹಾಗಂತೆ. ಇದನ್ನು ನಾನು ರೂಮಿಗೆ ಬಂದು ಓದಿ ತಿಳಿದುಕೊಂಡಾಗ, ಛೇ, ಅಮ್ಮ ಸ್ಲೇಟಿನ ಮೇಲೆ ತಿದ್ದಿಸಿದ್ದೇ ಸಾಕಾಗಿತ್ತಲ್ಲ, ಆ ಒಂದು ಗಂಟೆ ದಂಡವಾಯಿತಲ್ಲ ಅನ್ನಿಸಿತು.

ಒಂದು ಸೂಕ್ಷ್ಮ ಇದೆ. ಗ, ಜ, ದ, ಬ ಇವಕ್ಕೆ ಬೇರೆ ಸಾಲು ಇಲ್ಲ. ಮೂಲ ಅಕ್ಷರಕ್ಕೆ ಎರಡು ಚುಕ್ಕೆ ಇಟ್ಟು ಬರೆಯುತ್ತಾರೆ, ಹಾಗಾಗಿ ಗ ಹೋಗಿ ಕ ಜೊತೆ, ಜ ಹೋಗಿ ಸ ಜೊತೆ, ದ ಹೋಗಿ ತ ಜೊತೆ ಕೂರುತ್ತದೆ. ಬ, ಪ ಎರಡೂ ಹ ಜೊತೆ. 'ಡ್ರೀಮ್ಸ್ ಕಮ್ ಟ್ರೂ' ಬ್ಯಾಂಡ್ ಬೇಕಾದರೆ ತ ಸಾಲಿಗೆ ಹೋಗಿ, 'ಪರ್ಫ್ಯೂಮ್' ಬೇಕಾದರೆ ಹ ಸಾಲಿಗೆ. ಹಾಡುಗಾರರಲ್ಲಿ ತಕೆಯುಚಿ ಮರಿಯಾ ತ, ಯಮಾಶಿತಾ ತತ್ಸುರೊ ಯ, ಓತಾಕಿ ಏಇಚಿ ಒ. ಹೋಗುವ ಮುಂಚೆ ಬೇಕಾದ ಹೆಸರನ್ನು ಜಪಾನಿ ಲಿಪಿಯಲ್ಲಿ ಫೋನ್‌ನಲ್ಲಿ ದೊಡ್ಡದಾಗಿ ಸೇವ್ ಮಾಡಿಕೊಳ್ಳಿ, ಸಿಡಿಯ ಬೆನ್ನಿನ ಜೊತೆ ಹೋಲಿಸಿ ನೋಡೋಕೆ ಆಗುತ್ತದೆ. ಜಪಾನಿ ಸಂಗೀತದ ವಿಭಾಗಕ್ಕೆ 'ಹೋಗಕು' ಅಂತಾರೆ, ಧಾರವಾಡ ಕಡೆಯವರು 'ಹೋಗಾಕ' ಅಂದ ಹಾಗೇ ಕೇಳಿಸುತ್ತದೆ, ಮರೆಯೋಕೆ ಸಾಧ್ಯವೇ ಇಲ್ಲ. ಪಶ್ಚಿಮದ ಸಂಗೀತ 'ಯೋಗಕು'. ಅನಿಮೆ ಹಾಡುಗಳಿಗೆ ಎಷ್ಟೋ ಕಡೆ ಬೇರೆ ಕಪಾಟು.

ಸಿಕ್ಕಿತು, ಕೈಗೆ ಬಂತು ಅಂತ ಕೌಂಟರ್‌ಗೆ ಓಡಬೇಡಿ. ನಾನು ಓಡಿದೆ. ಏಳರಲ್ಲಿ ಎಲ್ಲಕ್ಕಿಂತ ಅಗ್ಗದ್ದು, 108 ಯೆನ್, ಆಗ ನಮ್ಮ ಲೆಕ್ಕದಲ್ಲಿ ಅರವತ್ತು ರೂಪಾಯಿ ಚಿಲ್ಲರೆ. ತೆಳುವಾದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟೇಪ್ ಅಂಟಿಸಿತ್ತು. ರೂಮಿಗೆ ಬಂದು ಬಿಚ್ಚಿದರೆ ಸಿಡಿ ಇದೆ, ಮುಂದಿನ ಹಾಳೆ ಇದೆ, ಹಾಡಿನ ಸಾಹಿತ್ಯದ ಪುಟಗಳೇ ಇಲ್ಲ. ಯಾರೋ ನೀಟಾಗಿ ಕಿತ್ತುಕೊಂಡು ಮುಖಪುಟ ಮಾತ್ರ ಉಳಿಸಿದ್ದರು. ಮೇಲೆ ಅಂಟಿಸಿದ್ದ ಬೆಲೆ ಚೀಟಿಯಲ್ಲಿ ಏನೋ ಬರೆದಿತ್ತು, ಬಹುಶಃ ಅದನ್ನೇ. ಓದೋಕೆ ಬಂದರೆ ತಾನೆ!

ಹಾಗಾಗಿ ಬಿಚ್ಚಿ ನೋಡಲು ಕೇಳಿ. ಯಾರೂ ಬೇಜಾರು ಮಾಡಿಕೊಳ್ಳಲ್ಲ. ಕೇಳುವ ಮಾತು "ಮಿತೆ ಮೊ ಈ ದೆಸು ಕಾ". ಇದನ್ನು ಉರು ಹೊಡೆಯಬೇಕಿಲ್ಲ, ಕನ್ನಡದ ಹಾಗೇ ಕೂತಿದೆ: 'ಮಿತೆ ಮೊ' ಅಂದರೆ ನೋಡಿದರೂ, 'ಈ' ಅಂದರೆ ಸರಿ, ಕೊನೆಯ 'ಕಾ' ನಮ್ಮ 'ಆ'. ನೋಡಿದರೂ ಸರೀನಾ? ಇಂಗ್ಲಿಷ್‌ನಿಂದ ಹೋದರೆ ತಲೆಕೆಳಗಾಗಿ ಯೋಚಿಸಬೇಕು, ಕನ್ನಡದಿಂದ ಹೋದರೆ ನೇರ.

ಬಿಚ್ಚಿದ ಮೇಲೆ ಏನು ನೋಡಬೇಕು? ಸಿಡಿಯ ಹೊಳೆಯುವ ಕಡೆಯನ್ನು ಟ್ಯೂಬ್‌ಲೈಟ್‌ಗೆ ಓರೆಯಾಗಿ ಹಿಡಿಯಿರಿ. ನಡುವಿನಿಂದ ಅಂಚಿಗೆ ಹೋಗುವ ಗೀರು ಇದ್ದರೆ ಅಷ್ಟು ಭಯವಿಲ್ಲ. ವೃತ್ತದ ಜೊತೆಗೇ ಸುತ್ತುವ ಗೀರು ಕೆಟ್ಟದ್ದು, ಪ್ಲೇಯರ್ ಓದುವ ದಾರಿಯೂ ಅದೇ ಆದ್ದರಿಂದ ಅಲ್ಲಿ ಎಗರುತ್ತದೆ. ಜನ ಸಾಮಾನ್ಯವಾಗಿ ಹೊಳೆಯುವ ಕಡೆ ಮಾತ್ರ ನೋಡುತ್ತಾರೆ. ಹೆಸರು ಅಚ್ಚಾಗಿರುವ ಮೇಲಿನ ಕಡೆಯೇ ಹೆಚ್ಚು ನಾಜೂಕು, ಕನ್ನಡಿಯ ಹಾಗಿನ ಪದರ ಅದರ ಕೆಳಗೇ ಇರೋದು, ಮೇಲೆ ತೆಳ್ಳಗಿನ ಲೇಪ ಅಷ್ಟೇ. ಅಲ್ಲಿ ಆಳವಾಗಿ ಕೆರೆದಿದ್ದರೆ ಬಿಟ್ಟುಬಿಡಿ. ಎಂಬತ್ತು ತೊಂಬತ್ತರ ದಶಕದ ಎರಡು ಸಿಡಿಯ ದಪ್ಪ ಕೇಸ್‌ನಲ್ಲಿ ಸ್ಪಂಜ್ ತುಂಡು ಇಟ್ಟಿರುತ್ತಿದ್ದರು, ಅದು ಕಾಲ ಕಳೆದಂತೆ ಅಂಟಂಟಾಗಿ ಸಿಡಿಯನ್ನೇ ತಿನ್ನುತ್ತದೆ, ಕೊಂಡರೂ ಮನೆಗೆ ಬಂದ ಕೂಡಲೇ ಸ್ಪಂಜ್ ಬಿಸಾಡಿ. ಕೇಸ್ ಒಡೆದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬೇರೆ ಕೇಸ್‌ಗೆ ಬದಲಿಸಬಹುದು.

ಸಿಡಿ ಮೇಲೋ ಕೇಸ್ ಮೇಲೋ ದೊಡ್ಡ ಸ್ಟಿಕರ್ ಇದ್ದರೆ ಅದು ಬಾಡಿಗೆ ಅಂಗಡಿಯಿಂದ ಬಂದದ್ದು ಇರಬಹುದು. ಜಪಾನಿನಲ್ಲಿ ಸಂಗೀತ ಬಾಡಿಗೆಗೆ ಕೊಡುವ ಅಂಗಡಿಗಳು 1980ರಿಂದಲೇ ಇವೆ, ಮೊದಲು ಎಲ್‌ಪಿ ರೆಕಾರ್ಡ್, ಆಮೇಲೆ ಸಿಡಿ, ನಮ್ಮಲ್ಲಿ ವಿಡಿಯೋ ಕ್ಯಾಸೆಟ್ ಲೈಬ್ರರಿ ಇದ್ದ ಹಾಗೆ. ಅಗ್ಗ, ಆದರೆ ಎಷ್ಟು ಕೈ ದಾಟಿದೆಯೋ. 2002ರಿಂದ ಮುಂದಿನ ಒಂದೆರಡು ವರ್ಷದ ಸಿಡಿಗಳಲ್ಲಿ ಕೆಲವು ಕಾಪಿ ತಡೆಯುವ ತಂತ್ರದ 'ಸಿಸಿಸಿಡಿ'ಗಳು, ಕವರ್ ಮೇಲೆ ಅದರ ಗುರುತು ಇರುತ್ತದೆ. ಕಂಪ್ಯೂಟರ್‌ಗೆ ಹಾಕಿ ಕೇಳುವವರಿಗೆ ಕಿರಿಕಿರಿ, ಮುಟ್ಟಬೇಡಿ.

ಇನ್ನು ಓಬಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎರಡನೇ ಶನಿವಾರ ನಾನು ಹೋದದ್ದೇ ಇದಕ್ಕೆ. ಕಿಮೊನೊ ಮೇಲೆ ಕಟ್ಟುವ ಅಗಲದ ಪಟ್ಟಿಗೆ ಓಬಿ ಅನ್ನುತ್ತಾರಲ್ಲ, ಅದೇ ಹೆಸರು. ಸಿಡಿಯ ಬೆನ್ನಿನ ಕಡೆ ಸುತ್ತಿದ ಸಣ್ಣ ಕಾಗದದ ಪಟ್ಟಿ. ಬೆಲೆ, ಕ್ಯಾಟಲಾಗ್ ನಂಬರ್, ಒಂದೆರಡು ಸಾಲು ಹೊಗಳಿಕೆ ಇರುತ್ತದೆ. ಅಂಟಿಸಿರುವುದಿಲ್ಲ, ಬಿಚ್ಚಿದರೆ ಸುಮ್ನೆ ಬಿದ್ದುಹೋಗುತ್ತದೆ. ಮಾಮೂಲಿ ಮನುಷ್ಯ ಮೊದಲ ದಿನವೇ ಕಸಕ್ಕೆ ಹಾಕುವ ವಸ್ತು. ಅದಕ್ಕೇ ಅದಕ್ಕೆ ಬೆಲೆ. ಅಪರೂಪದ ಎಲ್‌ಪಿಗಳಿಗಂತೂ ಓಬಿ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು. ಚೀಟಿಯಲ್ಲಿ 'ಓಬಿ ಆರಿ' ಅಂದರೆ ಇದೆ, 'ಓಬಿ ನಾಶಿ' ಅಂದರೆ ಇಲ್ಲ. ನಾಶ ಆಗಿದೆ ಅಂತ ನೆನಪಿಟ್ಟುಕೊಂಡರೂ ತಪ್ಪಿಲ್ಲ.

ನಾನು ಅದೇ 'ಉ' ತಗಡಿನ ಮುಂದೆ ಮತ್ತೆ ನಿಂತೆ. ಉಳಿದ ಆರರಲ್ಲಿ ಒಂದಕ್ಕೆ ಮಾತ್ರ ಓಬಿ ಇತ್ತು, 280 ಯೆನ್. ಬಿಚ್ಚಿ ನೋಡಲು ಕೇಳಿದೆ. ಹೋದ ವಾರದ ಹುಡುಗನೇ. ನನ್ನ ಮುಖ ನೋಡಿದ, ಸಿಡಿ ನೋಡಿದ, ಇವನಿಗೆ ಎಷ್ಟು ಬೇಕಪ್ಪಾ ಅಂದುಕೊಂಡಿರಬೇಕು. ಟೇಪನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಓಬಿಯ ಮಡಿಕೆ ಹರಿಯದ ಹಾಗೆ ಎರಡು ಬೆರಳಿನಲ್ಲಿ ಪಕ್ಕಕ್ಕೆ ಜಾರಿಸಿ, ಕೇಸ್ ತೆಗೆದು ನನ್ನ ಕಡೆ ತಿರುಗಿಸಿದ. ಮದುವೆ ಸೀರೆ ತೋರಿಸುವ ಅಂಗಡಿಯವನು ಕೂಡ ಅಷ್ಟು ಮರ್ಯಾದೆಯಿಂದ ಮಡಿಕೆ ಬಿಚ್ಚುವುದಿಲ್ಲ. ಪುಸ್ತಿಕೆ ಇತ್ತು, ಎಲ್ಲ ಪುಟ ಇತ್ತು. ನಡುವೆ ಯಾರೋ ಇಟ್ಟು ಮರೆತ ಅಂಗಡಿ ರಸೀದಿ, ಅಚ್ಚು ಪೂರ್ತಿ ಮಾಸಿಹೋಗಿತ್ತು. ಅದನ್ನು ತೆಗೆದು ಕಸಕ್ಕೆ ಹಾಕಲು ಹೋದ, ನಾನು ಬೇಡ ಅಂತ ಕೈ ಅಡ್ಡ ಇಟ್ಟೆ. ಅದು ಈಗಲೂ ಅಲ್ಲೇ ಇದೆ.

ಅಷ್ಟು ಜನ ಕೊಂಡ ಆಲ್ಬಮ್ ಯಾಕೆ ಇಷ್ಟು ಅಗ್ಗ ಅಂತ ಕೇಳಬಹುದು. ಅಷ್ಟು ಜನ ಕೊಂಡದ್ದಕ್ಕೇ. ಜಪಾನಿನಲ್ಲಿ ಸಿಡಿ ಉತ್ಪಾದನೆ ತುತ್ತತುದಿಗೆ ಹೋದದ್ದು 1998ರಲ್ಲಿ, ಈ ಆಲ್ಬಮ್ ಬಂದದ್ದು ಅದರ ಮರುವರ್ಷ. ಆ ಕಾಲದ ಹಿಟ್ ಏನೇ ಇರಲಿ, ಹಳೇ ಸಿಡಿಯಾಗಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ತೊಂಬತ್ತರ ದಶಕದ ಜಪಾನಿ ಪಾಪ್ ನಿಮಗೆ ಇಷ್ಟವಾದರೆ ನಿಮ್ಮಂಥ ಅದೃಷ್ಟವಂತರಿಲ್ಲ. ಎಂಬತ್ತರ ದಶಕದ 'ಸಿಟಿ ಪಾಪ್' ಅನ್ನುವ ಶೈಲಿಯ ಎಲ್‌ಪಿ ಹಿಂದೆ ಬಿದ್ದಿದ್ದರೆ ಮಾತ್ರ ಜೇಬು ಗಟ್ಟಿ ಇರಲಿ. ಯಮಾಶಿತಾ ತತ್ಸುರೊ ಅವರ 1982ರ 'ಫಾರ್ ಯೂ' ತರಹದವನ್ನು ಲೋಕವೆಲ್ಲ ಹುಡುಕುತ್ತಿದೆ. ಅದರ ಎಲ್‌ಪಿಯನ್ನು 2023ರಲ್ಲಿ ಮತ್ತೆ ಅಚ್ಚು ಹಾಕಿದರು, ಮೂಲ ಪ್ರತಿಯೇ ಬೇಕು ಅನ್ನುವ ಹಟ ಇಲ್ಲದಿದ್ದರೆ ಅದನ್ನೇ ಹಿಡಿಯಿರಿ. ಓತಾಕಿ ಏಇಚಿ ಅವರ 1981ರ 'ಎ ಲಾಂಗ್ ವೆಕೇಶನ್' ಬೇಕಾದರೆ ಸಿಡಿಯಲ್ಲೇ ಕೊಂಡರೂ ಒಂದು ಖುಷಿ ಇದೆ, 1982ರ ಅಕ್ಟೋಬರ್ 1ಕ್ಕೆ ಸಿಡಿ ಅನ್ನುವ ವಸ್ತು ಮೊಟ್ಟಮೊದಲು ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ ಆ ಮೊದಲ ಕಂತಿನಲ್ಲೇ ಅದೂ ಇತ್ತು.

ಡಿವಿಡಿ ಜೊತೆಗಿರುವ ಲಿಮಿಟೆಡ್ ಎಡಿಶನ್ ನೋಡಿ ಆಸೆಪಡುವ ಮುಂಚೆ ಒಂದು ಮಾತು. ಸಿಡಿಗೆ ದೇಶದ ಬೇಲಿ ಇಲ್ಲ, ಎಲ್ಲಿ ಕೊಂಡರೂ ಎಲ್ಲಿಯೂ ಓಡುತ್ತದೆ. ಡಿವಿಡಿಗೆ ಇದೆ. ಜಪಾನ್ 2ನೇ ವಲಯ, ನಾವು 5ನೇ ವಲಯ. ಬ್ಲೂ ರೇ ಆದರೆ ಅವರು ಎ, ನಾವು ಸಿ. ನಿಮ್ಮ ಪ್ಲೇಯರ್ ಎಲ್ಲ ವಲಯದ್ದನ್ನೂ ಓಡಿಸುವಂಥದ್ದು ಅಲ್ಲದಿದ್ದರೆ ಜಾಸ್ತಿ ದುಡ್ಡು ಕೊಟ್ಟು ತಂದ ಡಿವಿಡಿ ಶೋಕೇಸಿಗೇ. ಇನ್ನು ಉದ್ದದ ಕಾಗದದ ಕವರಿನಲ್ಲಿ ಬರುವ 8 ಸೆಂಟಿಮೀಟರ್ ಪುಟಾಣಿ ಸಿಂಗಲ್‌ಗಳು, ನೋಡೋಕೆ ಬಲು ಮುದ್ದು. ಟ್ರೇ ಹೊರಗೆ ಬರುವ ಪ್ಲೇಯರ್‌ನಲ್ಲಿ ಮಾತ್ರ ಹಾಕಿ. ಕಾರಿನ ಸ್ಟೀರಿಯೋದ ಹಾಗೆ ಸೀಳಿನೊಳಗೆ ನುಂಗುವ ಪ್ಲೇಯರ್‌ಗೆ ಹಾಕಿದರೆ ಸಿಡಿ ಹೊರಗೆ ಬರಲ್ಲ, ಮೆಕ್ಯಾನಿಕ್ ಬರಬೇಕು.

ಬೆಂಗಳೂರಿನಲ್ಲೇ ಕೂತು ತರಿಸೋದಾದರೆ? ಆಗುತ್ತದೆ. ಸಿಡಿ ಜಪಾನ್‌ನಂಥವರು ನೇರ ಕಳಿಸುತ್ತಾರೆ, ಹೊಸದಕ್ಕೆ ಒಳ್ಳೆಯದು. ಹಳೇದಕ್ಕೆ ಮೆರ್ಕಾರಿ ಅನ್ನುವ ಅಲ್ಲಿನ ಹಳೇ ಸಾಮಾನಿನ ಆ್ಯಪ್‌ನಲ್ಲಿ, ಯಾಹೂ ಹರಾಜಿನಲ್ಲಿ ನಿಮ್ಮ ಪರವಾಗಿ ಕೊಂಡು ಕಳಿಸುವ ಬಾಯೀ, ಝೆನ್‌ಮಾರ್ಕೆಟ್ ತರಹದ ಮಧ್ಯವರ್ತಿಗಳಿದ್ದಾರೆ. ಲೆಕ್ಕ ಸರಿಯಾಗಿ ಹಾಕಿ: ಸಿಡಿ ಬೆಲೆ, ಮಧ್ಯವರ್ತಿಯ ಕಮಿಷನ್, ಜಪಾನಿನೊಳಗಿನ ಸಾಗಣೆ, ಇಲ್ಲಿಗೆ ಸಾಗಣೆ, ಮೇಲೆ ನಮ್ಮ ಕಸ್ಟಮ್ಸ್. 300 ಯೆನ್‌ನ ಸಿಡಿಗೆ ಅದರ ಎಷ್ಟೋ ಪಟ್ಟು ಸಾಗಣೆಗೇ ಬೀಳುತ್ತದೆ. ಒಂದೊಂದಾಗಿ ತರಿಸಬೇಡಿ, ಗುಡ್ಡೆ ಹಾಕಿಸಿ ಒಂದೇ ಡಬ್ಬಿಯಲ್ಲಿ ತರಿಸಿ. ಕೇಸ್ ಸಮೇತ ಒಂದು ಸಿಡಿ ಸುಮಾರು 100 ಗ್ರಾಂ ತೂಗುತ್ತದೆ, ಹತ್ತು ಸಿಡಿ ಅಂದರೆ ಒಂದು ಕೇಜಿ. ಅದಕ್ಕಿಂತ ಸುಲಭದ ದಾರಿ, ನರೀತಾದಿಂದ ಬೆಂಗಳೂರಿಗೆ ನೇರ ವಿಮಾನದಲ್ಲಿ ಬರುವ ಗೆಳೆಯರನ್ನು ಹಿಡಿಯೋದು. ಅವರ ಬ್ಯಾಗಿನಲ್ಲಿ ಎರಡು ಅಂಗಿಯ ನಡುವೆ ಜಾಗ ಇದ್ದೇ ಇರುತ್ತದೆ.

ಆ ರಾತ್ರಿ ಹಾಡು ಕೇಳಿದ್ದು ಹಾರ್ಡ್ ಆಫ್ ಅನ್ನುವ ಹಳೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೊಂಡ ಕೈಯಲ್ಲಿ ಹಿಡಿಯುವ ಸಿಡಿ ಪ್ಲೇಯರ್‌ನಲ್ಲಿ. ಇದಕ್ಕೂ ಒಂದು ಕಿವಿಮಾತು: ಜಪಾನಿನಲ್ಲಿ ಕರೆಂಟ್ 100 ವೋಲ್ಟ್. ಅಡಾಪ್ಟರ್ ಮೇಲೆ '100-240' ಅಂತ ಇಲ್ಲದಿದ್ದರೆ ಇಲ್ಲಿ ತಂದು ಪ್ಲಗ್‌ಗೆ ಚುಚ್ಚಬೇಡಿ, ಹೊಗೆ ಬರುತ್ತದೆ. ಪೆನ್ಸಿಲ್ ಸೆಲ್‌ನಲ್ಲಿ ಓಡುವಂಥದ್ದು ಹುಡುಕಿ. 'ಜಂಕ್' ಅಂತ ಬರೆದ ಬುಟ್ಟಿಯಲ್ಲಿರೋದಕ್ಕೆ ಗ್ಯಾರಂಟಿ ಇರುವುದಿಲ್ಲ. ನಂದು ಆ ಬುಟ್ಟಿಯದ್ದೇ, ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದರೆ ಮಾತ್ರ ತಿರುಗುತ್ತಿತ್ತು. ನಾಲ್ಕನೇ ಹಾಡು ಬಂತು, ಎರಡೂವರೆ ನಿಮಿಷ ಹತ್ತಿರವಾದಾಗ ನನಗೆ ಗೊತ್ತಿಲ್ಲದೆ ಕೈ ಪ್ಲೇಯರ್ ಕಡೆ ಹೋಯಿತು, ಈಗ ನಿಲ್ಲುತ್ತದೆ ಅಂತ. ನಿಲ್ಲಲಿಲ್ಲ. ಮುಂದಕ್ಕೆ ಹೋಯಿತು.

ಪುಟ ಕಿತ್ತಿದ್ದ ಆ 108 ಯೆನ್ ಕಾಪಿಯನ್ನು ಊರಿಗೆ ಬಂದ ಮೇಲೆ ರೂಮ್‌ಮೇಟ್‌ಗೆ ಕೊರಿಯರ್ ಮಾಡಿದೆ. ಹಾಸನದಲ್ಲಿದ್ದಾನೆ. ತಲುಪಿದ ದಿನ ಫೋನ್ ಮಾಡಿದ. "ಲೋ, ಸಿಡಿ ಏನೋ ಬಂತು, ಇದನ್ನ ಎಲ್ಲಿ ಹಾಕಿ ಕೇಳೋದೋ? ಲ್ಯಾಪ್‌ಟಾಪ್‌ನಲ್ಲಿ ತೂತೇ ಇಲ್ಲವಲ್ಲೋ." ಯುಎಸ್‌ಬಿಯಲ್ಲಿ ಚುಚ್ಚುವ ಡಿವಿಡಿ ರೈಟರ್ ಅಂತ ಕೇಳು, ಕಂಪ್ಯೂಟರ್ ಅಂಗಡಿಯಲ್ಲಿ ಸಿಗುತ್ತೆ ಅಂದೆ. ನಾಲ್ಕು ದಿನ ಬಿಟ್ಟು ಮತ್ತೆ ಮಾಡಿದ. ಹಲೋ ಇಲ್ಲ, ಏನಿಲ್ಲ. ಹಿಂದೆ ಹಾಡು ಓಡುತ್ತಿತ್ತು.

"ನಾಲ್ಕನೇದು ನಿಲ್ತಾನೇ ಇಲ್ವಲ್ಲೋ" ಅಂದ.